ಅಯ್ಯೋ ಪಾಪ ಎಂದರೆ ಸಾಲದು

ಧಾರಣೆ, ಗೊಬ್ಬರ, ಕೊಳೆರೋಗಗಳ ವಿಚಾರವನ್ನು ಬದಿಗಿರಿಸಿ ಈ ಸಲ ಒಂದು ಚಲನಚಿತ್ರದ ಬಗ್ಗೆ ಬರೆಯಹೊರಟಿದ್ದೇವೆಂದರೆ ಸದಸ್ಯ ಬಾಂಧವರಿಗೆ ಆಶ್ಚರ್ಯವಾದೀತು. ಕಡೆಯತನಕ ಓದಿದಲ್ಲಿ ಇದೂ ತೋಟದ ವಿಚಾರವೇ ಎಂಬುದು ಮನವರಿಕೆಯಾಗುವುದೆಂದು ನಂಬಿದ್ದೇವೆ.

ಚಿತ್ರದ ಹೆಸರು ‘ಮರ್ಡರ್‌ಬಾಲ್’. ಹೆನ್ರಿ ಅಲೆಕ್ಸ್ ರೂಬಿನ್ ಮತ್ತು ಡಾನಾ ಆಡಂ ಶಪಿರೋ ಎಂಬಿಬ್ಬರು ನಿರ್ದೇಶಿಸಿ 2005ರಲ್ಲಿ ತೆರೆಕಂಡ ಅಮೆರಿಕದ ಸಾಕ್ಷ್ಯಚಿತ್ರವಿದು. ಆಸ್ಕರ್ ಪ್ರಶಸ್ತಿಗೆ ನಾಮಕರಣವೂ ಆಗಿತ್ತು. ಕತ್ತಿನ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು, ಇಲ್ಲವೇ ಬೇರೆ ಕಾಯಿಲೆಯಿಂದ, ಕೈಕಾಲು ನಾಲ್ಕರಲ್ಲೂ ಶಕ್ತಿ ಕುಂದಿದವರು ಗಾಲಿಕುರ್ಚಿಯಲ್ಲಿ ಕುಳಿತು ಆಡುವ ರಗ್ಬಿ ಆಟವೇ ಇದರ ವಸ್ತು. 2002ರಲ್ಲಿ ಸ್ವೀಡನ್ನಿನಲ್ಲಿ ನಡೆದ ವಿಶ್ವ ಪಂದ್ಯಾವಳಿಯಿಂದ 2004ರ ಅಥೆನ್ಸ್ ಪ್ಯಾರಾಲಿಂಪಿಕ್‌ವರೆಗೆ ಅಮೆರಿಕ ಮತ್ತು ಕೆನಡಾ ತಂಡಗಳ ಹಗೆತನವನ್ನು ಅದು ಹಿಂಬಾಲಿಸುತ್ತದೆ.

ಈ ಆಟ ಹುಟ್ಟಿದ್ದು 1970ರ ದಶಕದಲ್ಲಿ, ಕೆನಡಾದ ವಿನಿಪೆಗ್ ನಗರದಲ್ಲಿ. ಗಾಲಿಕುರ್ಚಿಯ ಬಾಸ್ಕೆಟ್‌ಬಾಲ್ ಆಡಲು ತೋಳಿನಲ್ಲಿ ಸಾಕಷ್ಟು ಬಲವಿಲ್ಲದ ಕೆಲವರು ತಮಗೆಂದೇ ಒಂದು ಆಟ ಕಟ್ಟಿಕೊಂಡರು. ಕುರ್ಚಿಗೆ ಕುರ್ಚಿ ಡಿಕ್ಕಿ ಹೊಡೆಸಿ ಎದುರಾಳಿಯನ್ನು ತಡೆಯುವುದು ಆಟದ ನಿಯಮದೊಳಗೇ ಇರುವುದರಿಂದ ಅದಕ್ಕೆ ಆ ಭಯಂಕರ ಹೆಸರು ಬಂತು. ಚೆಂಡು ವಾಲಿಬಾಲ್ ಚೆಂಡಿನಂಥದು. ಅದನ್ನು ತೊಡೆಯ ಮೇಲಿರಿಸಿಕೊಂಡು ಎದುರಾಳಿಯ ಗೆರೆಯನ್ನು ಕುರ್ಚಿಯ ಎರಡು ಗಾಲಿಗಳು ದಾಟಿದರೆ ಒಂದು ಗೋಲು. ಎಂಟೆಂಟು ನಿಮಿಷದ ನಾಲ್ಕು ಸುತ್ತು. 2000ದ ಸಿಡ್ನಿ ಪ್ಯಾರಾಲಿಂಪಿಕ್‌ನಿಂದ ಇದು ಪದಕದ ಆಟವಾಯಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದದ್ದು ಜಪಾನ್.

ಸಹಕಾರಿಗಳಾದ ನಾವು ಗಮನಿಸಬೇಕಾದ ಒಂದು ನಿಯಮ ಈ ಆಟದಲ್ಲಿದೆ. ಪ್ರತಿ ಆಟಗಾರನಿಗೂ ಅವನ ದೇಹದಲ್ಲಿ ಉಳಿದಿರುವ ಶಕ್ತಿಗನುಸಾರ ಅರ್ಧದಿಂದ ಮೂರೂವರೆಯವರೆಗೆ ಅಂಕ ಕೊಡುತ್ತಾರೆ. ಅಂಗಣದಲ್ಲಿರುವ ನಾಲ್ವರ ಅಂಕ ಕೂಡಿದರೆ ಎಂಟನ್ನು ಮೀರಕೂಡದು. ಮೂರೂವರೆಯ ಇಬ್ಬರು ಗಟ್ಟಿಗರನ್ನು ಇಳಿಸಿದರೆ ಏಳು ಮುಗಿಯಿತು. ಉಳಿದಿಬ್ಬರು ಅರ್ಧರ್ಧ ಅಂಕದವರೇ ಆಗಬೇಕು. ಅಂದರೆ ಅತ್ಯಂತ ದುರ್ಬಲನನ್ನು ಬಿಟ್ಟು ತಂಡ ಕಟ್ಟಿದವನಿಗೆ ಅತ್ಯಂತ ಬಲಶಾಲಿಗಳಿಬ್ಬರನ್ನು ಒಟ್ಟಿಗೆ ಆಡಿಸುವ ಅವಕಾಶವೂ ತಪ್ಪುತ್ತದೆ. ಈ ಅರ್ಧ ಅಂಕದವರು ಅಲ್ಲಿ ಲೆಕ್ಕಭರ್ತಿಗೆ ಬಂದವರಲ್ಲ. ಅವರ ಕುರ್ಚಿಯ ಮುಂದೆ ಉದ್ದನೆಯ ಚಾಚು ಇರುತ್ತದೆ. ಅದರಿಂದ ಎದುರಾಳಿಯ ಕುರ್ಚಿಯನ್ನು ಸಿಕ್ಕಿಸಿ ಹಿಡಿದು, ಚೆಂಡು ಒಯ್ಯುವವನಿಗೆ ದಾರಿ ಬಿಡಿಸುವುದು ಅವರ ಕೆಲಸ. ಗೋಲಿನ ಲೆಕ್ಕದಲ್ಲಿ ಅವರ ಹೆಸರು ಅಪರೂಪ. ಅವರಿಲ್ಲದೆ ಗೋಲಾಗುವುದೂ ಅಪರೂಪ. ಸಹಕಾರ ತತ್ವವನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಬೈಲಾವನ್ನು ನಾವು ಓದಿಲ್ಲ.

ಚಿತ್ರದ ಮುಖ್ಯ ವ್ಯಕ್ತಿ ಮಾರ್ಕ್ ಜುಪಾನ್. 1993ರಲ್ಲಿ, ಕಾಲೇಜು ಹುಡುಗನಾಗಿದ್ದಾಗ, ಗೆಳೆಯನ ಟ್ರಕ್ಕಿನ ಹಿಂಭಾಗದಲ್ಲಿ ಮಲಗಿ ನಿದ್ದೆ ಹೋಗಿದ್ದ. ಅವನು ಅಲ್ಲಿರುವುದೇ ತಿಳಿಯದ ಗೆಳೆಯ ಕುಡಿದು ಗಾಡಿ ಓಡಿಸಿ ಅಪಘಾತ ಮಾಡಿದ. ಹೊರಕ್ಕೆಸೆಯಲ್ಪಟ್ಟ ಜುಪಾನ್ ಕಾಲುವೆಗೆ ಬಿದ್ದು, ಒಂದು ಕೊಂಬೆ ಹಿಡಿದು ಹದಿಮೂರು ಗಂಟೆಗೂ ಹೆಚ್ಚು ಕಾಲ ನೀರಿನಲ್ಲಿ ತೇಲಿದ. ಇನ್ನೊಬ್ಬ ಜೋ ಸೋರೆಸ್. ಬಾಲ್ಯದಲ್ಲಿ ಪೋಲಿಯೋ ತಗುಲಿದವನು. ಅಮೆರಿಕ ತಂಡದ ಹಳೆಯ ಹುಲಿ. ವಯಸ್ಸಾಯಿತೆಂದು ತಂಡದಿಂದ ಕೈಬಿಟ್ಟಾಗ ಸಿಟ್ಟಿನಿಂದ ಕೆನಡಾ ತಂಡದ ತರಬೇತುದಾರನಾದ. ಮೂರನೆಯವನು ಕೀತ್ ಕ್ಯಾವಿಲ್. ಮೋಟಾರ್‌ಸೈಕಲ್ ಪಂದ್ಯದ ಹುಚ್ಚಿನ ಯುವಕ; ಕತ್ತು ಮುರಿದು ಆಗತಾನೆ ಆಸ್ಪತ್ರೆ ಸೇರಿದ್ದವನು. ನಿನ್ನೆಯವರೆಗೆ ತಾನಾಗಿ ಮಾಡುತ್ತಿದ್ದ ಒಂದೊಂದು ಸಣ್ಣ ಕೆಲಸವನ್ನೂ ಮೊದಲಿನಿಂದ ಕಲಿಯಬೇಕಾದ ಅವನ ಪಾಡನ್ನು ನಿರ್ದೇಶಕರು ಅವಸರಪಡದೆ ತೋರಿಸಿದ್ದಾರೆ. ಒಂದು ದಿನ ಜುಪಾನ್ ಆ ಕೇಂದ್ರಕ್ಕೆ ಬಂದು ಆಟದ ಕುರ್ಚಿಯನ್ನು ತೋರಿಸುತ್ತಾನೆ. ಅದರಲ್ಲಿ ಕುಳಿತ ಕೀತ್‌ನ ಮುಖದಲ್ಲಿ ಮೂಡುವ ಬೆಳಕನ್ನು ನೋಡಿದವರು ಮರೆಯಲಾರರು.

ಅಥೆನ್ಸಿನಲ್ಲಿ ಅಮೆರಿಕ ಕೆನಡಾಕ್ಕೆ ಸೋತು ಕಂಚಿಗೆ ತೃಪ್ತಿಪಟ್ಟಿತು. ಕೆನಡಾಕ್ಕೂ ಚಿನ್ನ ಸಿಗಲಿಲ್ಲ. ಅದು ನ್ಯೂಜಿಲೆಂಡಿನ ಪಾಲಾಯಿತು. ಗೆಲುವಿನ ಜಯಘೋಷದಿಂದ ಮುಗಿಸುವ ಅನುಕೂಲ ನಿರ್ದೇಶಕರಿಗೆ ಇರಲಿಲ್ಲ. ಅದೇ ಒಳ್ಳೆಯದಾಯಿತೆಂದು ನಮ್ಮ ಅಭಿಪ್ರಾಯ.

ಈ ಚಿತ್ರದಲ್ಲಿ ಕರುಣೆಯ ಸಂಗೀತವಿಲ್ಲ, ಕಣ್ಣೀರು ಒರೆಸಿಕೊಳ್ಳುವ ಬಂಧುಗಳ ಸಾಲಿಲ್ಲ. ಈ ಜನ ಬೈದಾಡುತ್ತಾರೆ, ಜಂಬ ಕೊಚ್ಚುತ್ತಾರೆ, ಇಸ್ಪೀಟು ಆಡುತ್ತಾರೆ, ಹೆಣ್ಣಿನ ಬಗ್ಗೆ ಮಾತಾಡುತ್ತಾರೆ, ಸೋತಾಗ ಅಳುತ್ತಾರೆ. ನಮ್ಮಂತೆಯೇ ಗುಣವೂ ಅವಗುಣವೂ ಉಳ್ಳವರು. ನೋಡಿದವರು ಸಾಮಾನ್ಯವಾಗಿ ‘ಎಂಥ ಧೈರ್ಯ, ಎಂಥ ಛಲ’ ಎಂದು ಹೊಗಳಿ ಎದ್ದುಹೋಗುತ್ತಾರೆ. ಆ ಹೊಗಳಿಕೆಯಲ್ಲಿ ಅರ್ಧ ಸತ್ಯ ಮಾತ್ರ ಇದೆ. ಛಲದ ಹಿಂದೆ ಒಂದು ವ್ಯವಸ್ಥೆ ಇತ್ತು: ಪೆಟ್ಟಾದೊಡನೆ ಸರಿಯಾದ ಶುಶ್ರೂಷೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುವ ಕೇಂದ್ರ, ಮೈಗೆ ಒಪ್ಪುವ ಕುರ್ಚಿ, ಕುರ್ಚಿ ಹತ್ತಬಲ್ಲ ಕಟ್ಟಡ, ಕೈಯಿಂದಲೇ ನಡೆಸಬಲ್ಲ ಕಾರು, ಕರೆದು ಸೇರಿಸಿಕೊಂಡ ತಂಡ. ಇವಿಲ್ಲದಿದ್ದರೆ ಜುಪಾನನ ಛಲವೂ ಕೋಣೆಯ ಮೂಲೆಯ ಮಂಚದಲ್ಲೇ ಬತ್ತುತ್ತಿತ್ತು.

ಇದು ಸಿರಿವಂತ ದೇಶದ ಮಾತು ಎನ್ನುವವರಿಗೆ ನಮ್ಮ ಪಕ್ಕದ ಉದಾಹರಣೆಯೇ ಉಂಟು. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಆರಂಭವಾದ ಪುನರ್ವಸತಿ ಕೇಂದ್ರದ ಹಿಂದಿದ್ದದ್ದು ಅವರ ದುಡಿಮೆ. ಕುಳಿತು ಶಸ್ತ್ರಚಿಕಿತ್ಸೆ ಮಾಡುವ ಅನುಕೂಲವನ್ನು ಸಹೋದ್ಯೋಗಿಗಳು ಒದಗಿಸಿದ್ದರಿಂದಲೇ ಅವರ ಧೈರ್ಯ ಊರಿಗೆ ಉಪಯೋಗವಾಯಿತು.

ಇನ್ನು ನಮ್ಮ ತೋಟಕ್ಕೆ ಬರೋಣ. ಅಡಿಕೆ ಮರದ ತುದಿಯಲ್ಲಿ ಕೊನೆ ಕೊಯ್ಯುವವನು, ಮಳೆಯ ಬಿಡುವಿನಲ್ಲಿ ಜಾರುವ ಮರವೇರಿ ಮದ್ದು ಹೊಡೆಯುವವನು, ಕಾಫಿ ತೋಟದಲ್ಲಿ ಮರಗಸಿ ಮಾಡುವವನು, ಏಣಿಯ ಮೇಲೆ ನಿಂತು ಮೆಣಸು ಬಿಡಿಸುವವನು, ಇವರೆಲ್ಲರ ಬೆನ್ನೆಲುಬಿನ ಮೇಲೆ ನಮ್ಮ ಬದುಕು ನಿಂತಿದೆ. ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಮಲೆನಾಡಿನ ಊರುಗಳಲ್ಲಿ ಇದ್ದಾರೆ. ಬಿದ್ದ ವರ್ಷ ಎಲ್ಲರೂ ನೋಡಲು ಹೋಗುತ್ತಾರೆ. ಮೂರನೆಯ ವರ್ಷಕ್ಕೆ ಹೆಂಡತಿ, ತಾಯಿ ಇಬ್ಬರೇ ಉಳಿಯುತ್ತಾರೆ. ಕೈ, ಕಣ್ಣು, ಲೆಕ್ಕದ ತಲೆ ಎಲ್ಲ ನೆಟ್ಟಗಿದ್ದವನೂ ‘ಕೆಲಸಕ್ಕೆ ಬಾರದವನು’ ಎನಿಸಿಕೊಳ್ಳುತ್ತಾನೆ.

ಹಲವು ವೇಳೆ ಬಿದ್ದಾಗಿನ ಪೆಟ್ಟಿಗಿಂತ ನಾವು ಎತ್ತುವ ರೀತಿಯೇ ಹೆಚ್ಚಿನ ಹಾನಿ ಮಾಡೀತು. ಕೈಕಾಲು ಹಿಡಿದು ಎತ್ತಿ, ಜೀಪಿನಲ್ಲಿ ಕೂರಿಸಿ ಒಯ್ಯಕೂಡದು. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕೈದು ಜನ ಒಟ್ಟಿಗೆ ಹಿಡಿದು, ಹಲಗೆ ಅಥವಾ ಬಾಗಿಲಿನ ಮೇಲೆ ಮಲಗಿಸಿ ಒಯ್ಯಬೇಕು. ಮನೆಗೆ ಬಂದ ಮೇಲೆ, ತಾನಾಗಿ ಹೊರಳಲಾರದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಹಾಸಿಗೆ ಹುಣ್ಣಾಗುತ್ತದೆ. ಇಂಥವರ ಪ್ರಾಣಕ್ಕೆ ಹುಣ್ಣಿನ ನಂಜು ಮತ್ತು ಮೂತ್ರದ ಸೋಂಕು ದೊಡ್ಡ ಅಪಾಯ.

‘ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಇನ್ನು ಮರ ಹತ್ತುವ ಪ್ರಮೇಯವೇನು’ ಎಂದು ಕೆಲವು ಸದಸ್ಯರು ಕೇಳಬಹುದು. ದೋಟಿ ಒಳ್ಳೆಯದು, ಬಳಕೆ ಹೆಚ್ಚಲಿ. ಆದರೆ ದೋಟಿ ಕೊಳ್ಳಲಾರದ ಸಣ್ಣ ಹಿಡುವಳಿದಾರ ಇಂದಿಗೂ ತಾನೇ ಹತ್ತುತ್ತಾನೆ. ಈಗಾಗಲೇ ಬಿದ್ದವನಿಗೆ ದೋಟಿಯಿಂದ ಏನೂ ಆಗದು. ‘ಕೊನೆಗಾರ ಸಂಘದ ಸದಸ್ಯನಲ್ಲವಲ್ಲ’ ಎಂಬ ಇನ್ನೊಂದು ಮಾತೂ ಬಂದೀತು. ಷೇರು ಪುಸ್ತಕದಲ್ಲಿ ಅವನ ಹೆಸರಿಲ್ಲ, ನಿಜ. ಸಂಘಕ್ಕೆ ಬರುವ ಒಂದೊಂದು ಮೂಟೆಯೂ ಅವನ ಕೈಯಿಂದಲೇ ಇಳಿದದ್ದು ಎಂಬುದೂ ಅಷ್ಟೇ ನಿಜ.

ಆದುದರಿಂದ ಬರುವ ಮಹಾಸಭೆಯ ಮುಂದೆ ನಾಲ್ಕು ಸಲಹೆಗಳನ್ನಿಡಲು ಬಯಸುತ್ತೇವೆ. ಒಂದು, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಂತು. ಅಪಘಾತದಲ್ಲಿ ಎರಡೂ ಕಾಲುಗಳ ಸ್ವಾಧೀನ ಶಾಶ್ವತವಾಗಿ ಹೋದರೆ 2 ಲಕ್ಷ ರೂಪಾಯಿ ಬರುತ್ತದೆ. ತಮ್ಮ ತೋಟದಲ್ಲಿ ಮರ ಹತ್ತುವವರ ಕಂತನ್ನು ಪ್ರತಿ ಸದಸ್ಯನೂ ಕಟ್ಟಲಿ. ಒಂದು ಅಡಿಕೆ ಕೊನೆಯ ಬೆಲೆಯೂ ಅದಲ್ಲ. ಎರಡು, ಕ್ವಿಂಟಾಲಿಗೆ ಅತ್ಯಲ್ಪ ಮೊತ್ತ ಹಿಡಿದು ಒಂದು ನಿಧಿ ಮಾಡಿ, ಗಾಲಿಕುರ್ಚಿ ಮತ್ತು ಗಾಳಿಹಾಸಿಗೆಗಳನ್ನು ಸಂಘದಲ್ಲಿರಿಸೋಣ. ಬೇಕಾದ ಮನೆಗೆ ಕೊಡೋಣ. ಮೂರು, ಸಂಘದ ಕಚೇರಿಯ ಮೆಟ್ಟಿಲ ಪಕ್ಕ ಇಳಿಜಾರು ದಾರಿ ಆಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಆಶಯವೂ ಅದೇ. ನಾಲ್ಕು, ಕುಳಿತು ಮಾಡಬಹುದಾದ ಕೆಲಸಗಳು ನಮ್ಮಲ್ಲಿ ಬೇಕಾದಷ್ಟಿವೆ: ಅಡಿಕೆ ವಿಂಗಡಣೆ, ತೂಕದ ಚೀಟಿ ಬರೆಯುವುದು, ಗೊಬ್ಬರದ ದಾಸ್ತಾನು ಲೆಕ್ಕ. ಬಿದ್ದು ಕಾಲು ಕಳೆದುಕೊಂಡವರಿಗೆ ಇವುಗಳಲ್ಲಿ ಮೊದಲ ಅವಕಾಶ ಸಿಗಬೇಕು, ಮತ್ತು ಎಲ್ಲರಿಗೂ ಕೊಡುವ ಸಂಬಳವೇ ಸಿಗಬೇಕು.

ಈ ನಾಲ್ಕರಲ್ಲಿ ಕೊನೆಯದು ಮುಖ್ಯವೆಂದು ನಮ್ಮ ಭಾವನೆ. ಚಿತ್ರದ ಆ ಜನ ಬೇಡಿದ್ದು ಮರುಕವನ್ನಲ್ಲ, ಅಂಗಣದಲ್ಲಿ ಒಂದು ಜಾಗವನ್ನು. ಸದಸ್ಯ ಬಾಂಧವರು ತಂತಮ್ಮ ಊರಿನಲ್ಲಿ ಮರದಿಂದ ಬಿದ್ದು ಮನೆ ಹಿಡಿದವರ ವಿವರವನ್ನು, ಅವರ ಒಪ್ಪಿಗೆ ಪಡೆದು, ಮಹಾಸಭೆಗೆ ಮುಂಚಿತವಾಗಿ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಪಟ್ಟಿ ಕೈಯಲ್ಲಿದ್ದರೆ ಚರ್ಚೆ ಅನುಕಂಪದಲ್ಲಿ ಮುಗಿಯದೆ ಠರಾವಿನಲ್ಲಿ ಮುಗಿದೀತು.