ಎಳೆಯ ಹೃದಯಗಳಿಗೆ ಎಕೋ ಕಾವಲು

ಗಂಟಲು ನೋವು, ಜ್ವರ, ಕೆಲವು ವಾರಗಳ ನಂತರ ಕೀಲುಗಳಲ್ಲಿ ಊತ. ಮಕ್ಕಳಲ್ಲಿ ಇವು ಕಾಣಿಸಿಕೊಂಡಾಗ ಮಾತ್ರೆ ನುಂಗಿಸಿ ಸುಮ್ಮನಾಗುವ ಪೋಷಕರೇ ಹೆಚ್ಚು. ಆದರೆ ಸ್ಟ್ರೆಪ್ಟೊಕಾಕಸ್ ಸೋಂಕಿಗೆ ದೇಹ ತೋರುವ ಈ ಪ್ರತಿಕ್ರಿಯೆ ಹೃದಯದ ಕವಾಟಗಳನ್ನೇ ಘಾಸಿಗೊಳಿಸಬಲ್ಲದು. ಬಡತನ ಮತ್ತು ಕಿಕ್ಕಿರಿದ ವಸತಿಯ ಕೂಸಾದ ಈ ರುಮ್ಯಾಟಿಕ್ ಹೃದ್ರೋಗ, ಅನೇಕರಲ್ಲಿ ಯೌವನದಲ್ಲಿ ಏದುಸಿರು ಬಂದಾಗಲೋ ಗರ್ಭಿಣಿಯಾದಾಗಲೋ ಬೆಳಕಿಗೆ ಬರುತ್ತದೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ.

ಈ ಹಾನಿಯನ್ನು ಮೊದಲೇ ಗುರುತಿಸುವ ಸಾಧನ ಶ್ರವಣಾತೀತ ತರಂಗಗಳ ಎಕೋ ಪರೀಕ್ಷೆ. ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನ ಶಾಲಾ ಮಕ್ಕಳ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟೆತಾಸ್ಕೋಪ್ ತಪಾಸಣೆಯಿಂದ ಸಾವಿರಕ್ಕೆ ಸುಮಾರು 2 ಮಕ್ಕಳಲ್ಲಿ ಪತ್ತೆಯಾದ ರೋಗ, ಎಕೋದಲ್ಲಿ 20ಕ್ಕೂ ಹೆಚ್ಚು ಮಕ್ಕಳಲ್ಲಿ ಕಂಡುಬಂತು.

ಪತ್ತೆಯಿಂದ ಪ್ರಯೋಜನವೇನು ಎಂಬ ಪ್ರಶ್ನೆಗೆ ಉಗಾಂಡದ ಅಧ್ಯಯನ 2021ರಲ್ಲಿ ಉತ್ತರಿಸಿತು. ರೋಗದ ಸುಪ್ತ ಹಂತದಲ್ಲಿದ್ದು, ನಾಲ್ಕು ವಾರಗಳಿಗೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ಪಡೆದ ಮಕ್ಕಳ ಪೈಕಿ ಎರಡು ವರ್ಷಗಳಲ್ಲಿ ರೋಗ ಉಲ್ಬಣಿಸಿದ್ದು ಶೇ 0.8ರಷ್ಟು ಮಂದಿಗೆ. ಚುಚ್ಚುಮದ್ದು ಪಡೆಯದವರಲ್ಲಿ ಈ ಪ್ರಮಾಣ ಶೇ 8.2.

ಆದರೂ ಎಚ್ಚರಿಕೆ ಅಗತ್ಯ. ಎಕೋದಲ್ಲಿ ಕಾಣುವ ಪ್ರತಿಯೊಂದು ಸಣ್ಣ ಸೋರಿಕೆಯೂ ರೋಗವಲ್ಲ. ಆರೋಗ್ಯವಂತ ಮಗುವಿಗೆ ಹೃದ್ರೋಗಿಯೆಂಬ ಹಣೆಪಟ್ಟಿ ಹಚ್ಚುವುದೂ ಅನ್ಯಾಯವೇ. ವಿಶ್ವ ಹೃದಯ ಒಕ್ಕೂಟ 2012ರಲ್ಲಿ ರೂಪಿಸಿ, 2023ರಲ್ಲಿ ಪರಿಷ್ಕರಿಸಿದ ಮಾನದಂಡಗಳು ಇರುವುದು ಇದಕ್ಕಾಗಿಯೇ.

ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ರೋಗವೂ ಇದೆ. ಆದರೆ ಮೌನವಾಗಿ ಬೆಳೆಯುವ ರೋಗವನ್ನು ಹೊರಲಕ್ಷಣಗಳಿಂದಷ್ಟೇ ಹುಡುಕಿದರೆ ಬಹುಪಾಲು ಮಕ್ಕಳು ಕೈತಪ್ಪುತ್ತಾರೆ. ಅಂಗೈಯಗಲದ ಎಕೋ ಯಂತ್ರಗಳು ಬಂದಿದ್ದರೂ, 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ಅವುಗಳ ಸಾಗಣೆ ಮತ್ತು ಬಳಕೆಗೆ ನಿರ್ಬಂಧಗಳಿವೆ. ಹೆಣ್ಣು ಭ್ರೂಣಗಳನ್ನು ಉಳಿಸುವ ಈ ಕಾನೂನು ಸಡಿಲಗೊಳ್ಳಕೂಡದು. ಅದರ ಚೌಕಟ್ಟಿನೊಳಗೇ, ನೋಂದಾಯಿತ ಸಂಚಾರಿ ಘಟಕಗಳ ಮೂಲಕ, ತರಬೇತಿ ಪಡೆದ ಸಿಬ್ಬಂದಿ ಶಾಲೆಗಳಿಗೆ ತೆರಳುವ ವ್ಯವಸ್ಥೆಯನ್ನು ಸರ್ಕಾರ ರೂಪಿಸಬೇಕು. ಅನುಮಾನವಿದ್ದ ಮಕ್ಕಳನ್ನು ಹೃದ್ರೋಗ ತಜ್ಞರು ಮರುಪರೀಕ್ಷಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪೆನ್ಸಿಲಿನ್. ವರ್ಷಗಟ್ಟಲೆ ತಪ್ಪದೆ ಚುಚ್ಚುಮದ್ದು ನೀಡುವ ಖಾತರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಲ್ಲದಿದ್ದರೆ, ಯಂತ್ರ ತೋರುವ ಚಿತ್ರ ಪೋಷಕರ ಆತಂಕವನ್ನು ಹೆಚ್ಚಿಸೀತೇ ಹೊರತು ಮಗುವಿನ ಹೃದಯವನ್ನು ಕಾಯಲಾರದು.