ಕರಿಕೋಟಿಗೆ ಓಟು ಹಾಕುವ ಮುನ್ನ ಕೇಳಬೇಕಾದ್ದು

ವಕೀಲರು ಚುನಾವಣೆಗೆ ನಿಲ್ಲುವುದು ನಮ್ಮ ಕಾಫಿ ಸೀಮೆಗೆ ಹೊಸತಲ್ಲ. ಮೂಡಿಗೆರೆ ತಾಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು 1978ರಲ್ಲಿ ಇಂದಿರಾ ಗಾಂಧಿಯವರಿಗೆ ತಮ್ಮ ಲೋಕಸಭಾ ಸ್ಥಾನ ಬಿಟ್ಟುಕೊಟ್ಟು ದೇಶಕ್ಕೆಲ್ಲ ಪರಿಚಿತರಾದರು, ಮುಂದೆ ರಾಜ್ಯದ ಕಾನೂನು ಮಂತ್ರಿಯೂ ಆದರು. 2023ರಲ್ಲಿ ಮೂಡಿಗೆರೆಯಿಂದ ವಿಧಾನಸಭೆಗೆ ಗೆದ್ದ ನಯನಾ ಮೋಟಮ್ಮ ಕೂಡ ವೃತ್ತಿಯಲ್ಲಿ ವಕೀಲೆ. 2018ರಲ್ಲಿ ತಾಯಿ ಮೋಟಮ್ಮ ಸೋತ ಕ್ಷೇತ್ರವನ್ನು ಮಗಳು ಗೆದ್ದುಕೊಂಡರು. ಅಂತರ ಬರೀ 722 ಮತ.

ಈ 722ನ್ನು ನಾವು ಸ್ವಲ್ಪ ನೆನಪಲ್ಲಿ ಇಟ್ಟುಕೊಳ್ಳೋಣ. ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಕಳಸದ ನಾಲ್ಕಾರು ಜಮಾಅತ್‌ಗಳ ಮನೆಮಂದಿ ಮನಸ್ಸು ಮಾಡಿದರೆ ಆಚೀಚೆ ಆಗಿಬಿಡುವ ಲೆಕ್ಕ ಅದು. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಅದು ನ್ಯಾಯವಾದದ್ದೇ, ಆ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಅದರ ಅರ್ಥ ಏನೆಂದರೆ, ಇಲ್ಲಿ ಅಭ್ಯರ್ಥಿ ನಮ್ಮವರಾಗಿರಲು ಸಾಧ್ಯವಿಲ್ಲ, ಪ್ರಶ್ನೆ ಮಾತ್ರ ನಮ್ಮದಾಗಿರಬಹುದು. ಹಾಗಿರುವಾಗ ಪ್ರಶ್ನೆಯನ್ನೂ ಬೇರೆಯವರಿಗೆ ಬಿಟ್ಟುಕೊಟ್ಟು ಸುಮ್ಮನೆ ಕೂತರೆ ನಮ್ಮ ಕೈಯಲ್ಲಿ ಉಳಿಯುವುದೇನು?

ಓಟು ಕೇಳಲು ಬರುವವರು ಎರಡು ಮಾತು ಹೇಳುತ್ತಾರೆ. ‘ನಾನು ಕಾನೂನು ಓದಿದವನು’ ಅನ್ನುತ್ತಾರೆ. ‘ನನಗೂ ಮಕ್ಕಳಿದ್ದಾರೆ, ನಿಮ್ಮ ಕಷ್ಟ ಗೊತ್ತು’ ಅನ್ನುತ್ತಾರೆ. ಎರಡೂ ಒಳ್ಳೆಯ ಮಾತೇ. ಆದರೆ ಕಾನೂನು ಓದಿದವರೆಲ್ಲ ಬಡವರ ಪರ ವಾದಿಸಿದವರಲ್ಲ, ಮಕ್ಕಳಿರುವವರೆಲ್ಲ ಊರಿನ ಮಕ್ಕಳ ಬಗ್ಗೆ ಯೋಚಿಸುವವರೂ ಅಲ್ಲ. ಕಾನೂನನ್ನು ಯಾರಿಗಾಗಿ ಬಳಸಿದ್ದೀರಿ, ಗೆದ್ದರೆ ಯಾವುದಕ್ಕೆ ಬಳಸುತ್ತೀರಿ ಅಂತ ನಾವು ಕೇಳಬೇಕು. ಹಾಗೆ ಕೇಳುವುದಕ್ಕೆ ಗ್ರಾಹಕರ ಹಕ್ಕಿಗಿಂತ ಒಳ್ಳೆಯ ವಿಷಯ ಇನ್ನೊಂದಿಲ್ಲ ಎಂಬುದು ನಮ್ಮ ಅನಿಸಿಕೆ. ಯಾಕಂದ್ರೆ ಇದರಲ್ಲಿ ಜಾತಿ ಇಲ್ಲ, ಧರ್ಮ ಇಲ್ಲ. ಅಡುಗೆಮನೆಯಿಂದ ಅಂಗಡಿಯವರೆಗೆ ಎಲ್ಲರಿಗೂ ತಟ್ಟುವ ಸಂಗತಿ ಇದು.

ಅಮೆರಿಕದ ವಕೀಲ ರಾಲ್ಫ್ ನೇಡರ್ 1965ರಲ್ಲಿ ಕಾರುಗಳ ಸುರಕ್ಷತೆಯ ಲೋಪಗಳ ಬಗ್ಗೆ ಪುಸ್ತಕ ಬರೆದು ದೊಡ್ಡ ಕಂಪೆನಿಗಳನ್ನು ನಡುಗಿಸಿದರು, ಆಮೇಲೆ ಅಧ್ಯಕ್ಷ ಚುನಾವಣೆಗೂ ನಿಂತರು. ಅಷ್ಟು ದೂರ ಹೋಗುವುದೇ ಬೇಡ. ಘಟ್ಟದ ಕೆಳಗೆ ಉಡುಪಿಯಲ್ಲಿ ಡಾ. ರವೀಂದ್ರನಾಥ ಶ್ಯಾನುಭಾಗರು ಬಳಕೆದಾರರ ವೇದಿಕೆ ಕಟ್ಟಿ ಸಾವಿರಾರು ಜನರಿಗೆ ದಾರಿ ತೋರಿಸಿದರು. ಅವರು ವಕೀಲರಲ್ಲ, ಮಣಿಪಾಲದಲ್ಲಿ ಪ್ರಾಧ್ಯಾಪಕರಾಗಿದ್ದವರು. ಕರಿಕೋಟು ಇಲ್ಲದೆಯೂ ಈ ಕೆಲಸ ಆಗುತ್ತದೆ ಅನ್ನುವುದಕ್ಕೆ ಅವರೇ ಸಾಕ್ಷಿ.

ಈಗ ಕಾನೂನಿನ ವಿಷಯ. ಗ್ರಾಹಕ ಸಂರಕ್ಷಣೆಗೆ ದೇಶದಲ್ಲಿ ಮೊದಲ ಕಾಯ್ದೆ ಬಂದದ್ದು 1986ರಲ್ಲಿ. ಅದನ್ನು ಬದಲಿಸಿದ 2019ರ ಹೊಸ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ನಾವು ಕೊಟ್ಟ ಹಣ 50 ಲಕ್ಷ ರೂ. ಮೀರದಿದ್ದರೆ ದೂರನ್ನು ಜಿಲ್ಲಾ ಆಯೋಗದಲ್ಲೇ ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ಮಾರಿದವನು ಬೆಂಗಳೂರಲ್ಲಿರಲಿ, ಮುಂಬೈಯಲ್ಲಿರಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಆದರೆ ತೊಂದರೆ ಆದ ಎರಡು ವರ್ಷದೊಳಗೆ ದೂರು ಹೋಗಬೇಕು. ನಮ್ಮೋರು ‘ನೋಡುವಾ, ನೋಡುವಾ’ ಅಂತ ದಿನ ತಳ್ಳಿ ಹಕ್ಕು ಕಳೆದುಕೊಳ್ಳುವುದು ಇಲ್ಲಿಯೇ.

ನಮ್ಮ ಸಮುದಾಯದ ಮಟ್ಟಿಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ‘ನಾವು ವ್ಯಾಪಾರಸ್ಥರು, ಗ್ರಾಹಕ ಕೋರ್ಟು ನಮ್ಮ ಮೇಲೆ ಕೇಸು ಹಾಕುವವರಿಗೆ ಇರುವುದು’ ಅಂತ. ಇದು ಅರ್ಧ ಸತ್ಯ. ಮಾರಾಟಕ್ಕೆಂದೇ ತಂದ ಮಾಲಿಗೆ ಈ ಕಾನೂನು ಅನ್ವಯಿಸುವುದಿಲ್ಲ, ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಆಟೋ, ಹೊಲಿಗೆ ಮೆಷಿನು, ಅಂಗಡಿಯ ಫ್ರಿಜ್ ಕೈಕೊಟ್ಟರೆ ಕೊಂಡವನು ಗ್ರಾಹಕನೇ. ಬಿತ್ತನೆ ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಗಲ್ಫ್ ವೀಸಾ ಮಾಡಿಸಿಕೊಡುತ್ತೇನೆಂದು ಹಣ ಪಡೆದವನು, ಉಮ್ರಾ ಪ್ಯಾಕೇಜಿನಲ್ಲಿ ಹೇಳಿದ್ದೊಂದು ಕೊಟ್ಟದ್ದೊಂದು ಮಾಡಿದವನು, ಇವರೆಲ್ಲ ಸೇವೆ ಮಾರಿದವರೇ. ಉಮ್ಮನ ಚಿನ್ನ ಅಡವಿಟ್ಟು ಕೊಟ್ಟ ದುಡ್ಡು ಹೋದಾಗ ‘ನಸೀಬು’ ಎಂದು ಸುಮ್ಮನಾಗಬೇಕಾಗಿಲ್ಲ.

ಅಂಗಡಿಯವರಿಗೂ ಒಂದು ಮಾತು. ದೋಷವಿರುವ ಪ್ಯಾಕೆಟ್ ಮಾಲು ಮಾರಿದಿರಿ ಅಂತ ದೂರು ಬಂದರೆ, ತಯಾರಿಸಿದವರು ಯಾರೆಂದು ತೋರಿಸಲಾಗದ ಅಂಗಡಿಯವರ ಮೇಲೆ ಹೊಣೆ ಬೀಳಬಹುದು. ಆದ್ದರಿಂದ ಖರೀದಿ ಬಿಲ್ಲು ಇಟ್ಟುಕೊಳ್ಳುವುದು, ಕೊಡುವುದು ಎರಡೂ ನಮ್ಮದೇ ರಕ್ಷಣೆ. ತಕ್ಕಡಿಗೆ ಇಲಾಖೆಯ ಮುದ್ರೆ ಹಾಕಿಸುವುದೂ ಹಾಗೆಯೇ. ಘಟ್ಟ ಹತ್ತಿ ಬಂದು ಒಣಮೀನು, ಬಟ್ಟೆ, ಕಾಳುಮೆಣಸಿನ ವ್ಯಾಪಾರದಿಂದ ನಮ್ಮ ಹಿರಿಯರು ಸಂಪಾದಿಸಿದ್ದು ದುಡ್ಡಿಗಿಂತ ಹೆಚ್ಚಾಗಿ ನಂಬಿಕೆ. ಅದನ್ನು ಒಂದು ಬಿಲ್ಲಿನ ಉದಾಸೀನಕ್ಕೆ ಕಳೆಯಬಾರದು.

ಇಷ್ಟೆಲ್ಲ ಕಾನೂನು ಇದ್ದ ಮೇಲೆ ಎಮ್ಮೆಲ್ಲೆ ಯಾಕೆ ಬೇಕು ಅಂತ ಕೇಳಬಹುದು. ಬೇಕಾಗುವುದು ಕಾನೂನು ನಿಲ್ಲುವ ಜಾಗದಲ್ಲಿ. ದುಡ್ಡು ಕೊಟ್ಟು ಚಿಕಿತ್ಸೆ ಪಡೆದರೆ ಆಸ್ಪತ್ರೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ಆದರೆ ಎಲ್ಲರಿಗೂ ಉಚಿತವಾಗಿ ನೋಡುವ ಆಸ್ಪತ್ರೆಗೆ ಅದು ಅನ್ವಯಿಸುವುದಿಲ್ಲ. ಅಂದರೆ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರಿಲ್ಲದೆ, ಮಳೆಗಾಲದ ರಾತ್ರಿ ಚಾರ್ಮಾಡಿ ಇಳಿದು ಮಂಗಳೂರಿಗೆ ಓಡುವ ಮನೆಯವರಿಗೆ ಆಯೋಗದಲ್ಲಿ ಪರಿಹಾರವಿಲ್ಲ. ಮಕ್ಕಳ ಫೀಸಿನ ವಿಷಯವೂ ಅಷ್ಟೇ. ಶಿಕ್ಷಣ ಸರಕಲ್ಲ ಎಂದು 2010ರ ಸುಪ್ರೀಂ ಕೋರ್ಟ್ ತೀರ್ಪೊಂದು ಹೇಳಿರುವುದರಿಂದ ತಂದೆ ತಾಯಿಯ ದೂರು ಅಲ್ಲಿ ನಿಲ್ಲುವುದು ಕಷ್ಟ. 2024ರಲ್ಲಿ ವಕೀಲರ ಸೇವೆಯೂ ಗ್ರಾಹಕ ಕಾನೂನಿನಿಂದ ಹೊರಗೆ ಎಂದು ಅದೇ ಕೋರ್ಟ್ ಹೇಳಿತು. ಕಕ್ಷಿದಾರನಿಗೆ ಇಲ್ಲದ ಆ ಹಕ್ಕು ಮತದಾರನಿಗೆ ಇದೆ. ಐದು ವರ್ಷಕ್ಕೊಮ್ಮೆ ವಕೀಲರನ್ನೂ ಲೆಕ್ಕ ಕೇಳಬಹುದು.

ಹಾಗಾದರೆ ಶಾಸಕರಾಗಿ ಇರುವವರನ್ನು, ಮುಂದೆ ಓಟು ಕೇಳಲು ಬರುವವರನ್ನು ನಾವು ಏನು ಕೇಳಬೇಕು? ಮೂರೇ ಮೂರು.

ಮೊದಲನೆಯದು, ದೂರ. ಕಳಸದಿಂದ ಚಿಕ್ಕಮಗಳೂರಿನ ಜಿಲ್ಲಾ ಆಯೋಗಕ್ಕೆ ಘಟ್ಟದ ರಸ್ತೆಯಲ್ಲಿ ತೊಂಬತ್ತು ಕಿಲೋಮೀಟರ್ ಹತ್ತಿರ. ಎರಡು ಸಾವಿರದ ಮಿಕ್ಸಿಗಾಗಿ ಒಂದು ದಿನದ ಕೂಲಿ, ಬಸ್ಸು ಚಾರ್ಜು ಕಳಕೊಂಡು ಯಾರು ಹೋಗುತ್ತಾರೆ? ಒಂದೇ ಜಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚು ಆಯೋಗ ಮಾಡುವ ಅಧಿಕಾರವನ್ನು ಕಾಯ್ದೆ ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಆನ್‌ಲೈನಿನಲ್ಲಿ ದೂರು ಕೊಡಲು, ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಕೂಡ ಅವಕಾಶ ಇದೆ. ಹೊಸ ಆಯೋಗ ಆಗದಿದ್ದರೆ ಹೋಗಲಿ, ಕಳಸ, ಮೂಡಿಗೆರೆ ತಾಲೂಕು ಕಚೇರಿಯಲ್ಲಿ ದೂರು ಬರೆದು ಅಪ್‌ಲೋಡ್ ಮಾಡಿಕೊಡುವ ಒಂದು ಮೇಜು, ಒಂದು ಕಂಪ್ಯೂಟರ್ ಹಾಕಿಸುತ್ತೀರಾ?

ಎರಡನೆಯದು, ಸಮಯ. ಪ್ರಯೋಗಾಲಯದ ಪರೀಕ್ಷೆ ಬೇಕಿಲ್ಲದ ದೂರನ್ನು ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿದ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಅಧ್ಯಕ್ಷರು, ಸದಸ್ಯರ ಕುರ್ಚಿ ಖಾಲಿ ಇದ್ದರೆ ಮೂರು ವರ್ಷವೂ ಸಾಲದು. ಖಾಲಿ ಹುದ್ದೆಗಳ ಬಗ್ಗೆ ಸುಪ್ರೀಂ ಕೋರ್ಟೇ 2021ರಲ್ಲಿ ತಾನಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ನೇಮಕ ಮಾಡಬೇಕಾದದ್ದು ರಾಜ್ಯ ಸರಕಾರ. ಈ ಪ್ರಶ್ನೆಯನ್ನು ಸದನದಲ್ಲಿ ಎಷ್ಟು ಸಲ ಎತ್ತುತ್ತೀರಿ? ಗ್ರಾಹಕ ವ್ಯವಹಾರ ಇರುವುದು ಆಹಾರ ಇಲಾಖೆಯ ಜೊತೆ. ನಮ್ಮವರೇ ಆದ ಯು.ಟಿ. ಖಾದರ್ ಹಿಂದೆ ಆಹಾರ ಸಚಿವರಾಗಿದ್ದವರು, 2023ರಲ್ಲಿ ವಿಧಾನಸಭೆಯ ಸ್ಪೀಕರ್ ಆದವರು. ಆದರೆ ನಮ್ಮ ಕ್ಷೇತ್ರದ ಪ್ರಶ್ನೆಯನ್ನು ಎತ್ತಬೇಕಾದವರು ನಮ್ಮ ಕ್ಷೇತ್ರದ ಶಾಸಕರೇ.

ಮೂರನೆಯದು, ಸರಕಾರಿ ಸೇವೆ. ಅರ್ಜಿಗೆ ಇಂತಿಷ್ಟು ದಿನದಲ್ಲಿ ಉತ್ತರ ಕೊಡಬೇಕೆಂಬ ಸಕಾಲ ಕಾಯ್ದೆ 2011ರಲ್ಲೇ ಬಂದಿದೆ. ಪಹಣಿ ತಿದ್ದುಪಡಿಗೆ, ಆದಾಯ ಪ್ರಮಾಣಪತ್ರಕ್ಕೆ ಅಲೆಯುವವರಿಗೆ ಇದೇ ಗ್ರಾಹಕ ಕಾನೂನು. ಯಾವ ಕಚೇರಿಯಲ್ಲಿ ಎಷ್ಟು ಅರ್ಜಿ ಕೊಳೆಯುತ್ತಿದೆ ಎಂದು ತಿಂಗಳಿಗೊಮ್ಮೆ ಜನರ ಮುಂದೆ ಲೆಕ್ಕ ಇಡುತ್ತೀರಾ?

ಆನೆ, ಭೂಕುಸಿತ, ರಸ್ತೆ ಇವೆಲ್ಲ ಬಿಟ್ಟು ಮಿಕ್ಸಿ, ಬಿಲ್ಲು ಅನ್ನುತ್ತೀರಲ್ಲ ಅಂತ ಕೆಲವರು ಹೇಳಬಹುದು. ಆ ದೊಡ್ಡ ಪ್ರಶ್ನೆಗಳನ್ನು ಕೇಳಲೇಬೇಕು. ಆದರೆ ದೊಡ್ಡ ಪ್ರಶ್ನೆಗೆ ‘ಮೇಲೆ ಮಾತಾಡಿದ್ದೇನೆ’ ಅಂದು ಜಾರಿಕೊಳ್ಳುವುದು ಸುಲಭ. ಒಂದು ಮೇಜು ಬಂತೋ ಇಲ್ಲವೋ ಎಂಬುದಕ್ಕೆ ಜಾರುವ ಉತ್ತರ ಇಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಜಮಾಅತ್ ಕಮಿಟಿಗಳು, ಯುವಕರ ಸಂಘಗಳು ತಿಂಗಳಿಗೊಂದು ಸಂಜೆ ಇಟ್ಟುಕೊಂಡು, ಕಾನೂನು ಓದುತ್ತಿರುವ ನಮ್ಮ ಹೆಣ್ಣುಮಕ್ಕಳು, ಹುಡುಗರನ್ನು ಕೂರಿಸಿ ದೂರು ಬರೆಸಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಪ್ರತಿ ಮನೆಯ ಮೊಬೈಲಿನಲ್ಲಿ ಸೇವ್ ಮಾಡಿಸಲಿ. ಅಕ್ಕಿಗೆ ಅರ್ಧ ಕೆಜಿ ತೂಕ ಕಡಿಮೆ ಬಂದರೆ ಅಂಗಡಿ ಮುಂದೆ ಜೋರು ಮಾಡುವ ನಾವು, ಐದು ವರ್ಷಕ್ಕೆ ಕೊಟ್ಟ ಓಟಿನ ತೂಕ ಮಾತ್ರ ಯಾವತ್ತೂ ನೋಡುವುದಿಲ್ಲ. ಮುಂದಿನ ಸಲ ಕರಿಕೋಟಿನವರು ಬಂದರೂ ಖಾದಿಯವರು ಬಂದರೂ ಚಹಾ ಕೊಡೋಣ, ಕೂರಿಸೋಣ, ಈ ಮೂರು ಪ್ರಶ್ನೆ ಕೇಳೋಣ. ಉತ್ತರವನ್ನು ಒಂದು ಕಾಗದದಲ್ಲಿ ಬರೆದು ಇಟ್ಟುಕೊಳ್ಳೋಣ. ಬಿಲ್ಲು ಇಟ್ಟುಕೊಂಡವನಿಗೇ ಲೆಕ್ಕ ಕೇಳುವ ಧೈರ್ಯ ಇರುವುದು.