ಹಾಡಿಗೆ ಕಥೆಯನ್ನು ಹೊಲಿಯುವ ಮುನ್ನ



ಶ್ರಾವಣ ಮಾಸ ಬಂದಿತೆಂದರೆ ಉತ್ತರ ಕರ್ನಾಟಕದ ಮಠಗಳಲ್ಲಿ ಸಂಜೆಯ ಪುರಾಣ ಪ್ರವಚನಕ್ಕೆ ಅಣಿಯಾಗುವುದು ರೂಢಿ. ಕಥೆ ಹೇಳುವ ಶಾಸ್ತ್ರಿಗಳು, ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿಗಳು, ತಬಲಾ ವಾದಕರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಹಾಗೂ ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ಶಿಷ್ಯಪರಂಪರೆ ಇಂಥ ವೇದಿಕೆಗಳಿಗೆ ಸ್ವರವನ್ನು ಕೊಟ್ಟಿದೆ. ಅದೇ ವೇದಿಕೆಯ ಮೇಲೆ ಇಂದು ಇನ್ನೊಂದು ಬಗೆಯೂ ಕಾಣುತ್ತಿದೆ: ಅರ್ಥಪೂರ್ಣವಾದ ಏಳೆಂಟು ವಚನಗಳನ್ನು ಆಯ್ದು, ಪ್ರತಿಯೊಂದಕ್ಕೂ ಮುನ್ನ ಅದು ಹುಟ್ಟಿದ ಸಂದರ್ಭವನ್ನು ಕಥೆಯಾಗಿ ನಿರೂಪಿಸಿ ಹಾಡಿಸುವುದು. ಬಗೆ ಒಳ್ಳೆಯದೇ. ಆದರೆ ಅದರ ಸಿದ್ಧತೆ ನಡೆಯುವ ರೀತಿಯನ್ನು ನಾನು ಒಪ್ಪಲಾರೆ.

ಆಕ್ಷೇಪಿಸುವ ಮೊದಲು ನನ್ನದೇ ಅಪರಾಧವನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಇಂಥದೊಂದು ಕಾರ್ಯಕ್ರಮಕ್ಕೆ ನಿರೂಪಣೆ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಅಕ್ಕಮಹಾದೇವಿಯ ಒಂದು ವಚನಕ್ಕೆ ಸಂದರ್ಭವೆಲ್ಲೂ ದೊರೆಯದಿದ್ದಾಗ, ಕಲ್ಯಾಣದ ದಾರಿಯಲ್ಲಿ ಮಳೆಗೆ ಸಿಕ್ಕಿ ಮರದಡಿ ಕುಳಿತ ಅಕ್ಕನ ಬಾಯಿಂದ ಅದು ಹೊರಟಿತೆಂದು ನಾನೇ ಕಲ್ಪಿಸಿ ಬರೆದೆ. ಸಭೆ ಮೈಮರೆತು ಕೇಳಿತು. ಮರುವರ್ಷ ವೃದ್ಧೆಯೊಬ್ಬರು ಆ ಪ್ರಸಂಗವನ್ನು ಮೊಮ್ಮಕ್ಕಳಿಗೆ ಹೇಳಿಕೊಟ್ಟುದಾಗಿ ತಿಳಿಸಿ, “ಅದು ಯಾವ ಪುರಾಣದಾಗ ಬರ್ತೈತ್ರಿ ಅಪ್ಪಾರ?” ಎಂದು ಕೇಳಿದರು. ಉತ್ತರಿಸಲು ನನ್ನ ನಾಲಗೆ ಏಳಲಿಲ್ಲ.

ಬಹುಪಾಲು ವಚನಗಳು ತಾವು ಹುಟ್ಟಿದ ಗಳಿಗೆಯನ್ನು ತಮ್ಮೊಳಗೆ ಬರೆದುಕೊಂಡಿಲ್ಲ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅಷ್ಟು ಕಷ್ಟದಿಂದ ಉಳಿದು ಬಂದ ಮಾತಿಗೆ ನಾವು ಒಂದು ಸಂಜೆಯ ತಾಲೀಮಿನಲ್ಲಿ ಕಥೆ ಕಟ್ಟಿ ಅಂಟಿಸುವುದು ಯಾವ ನ್ಯಾಯ?

ಕಥೆಯನ್ನು ತಾವೇ ಹೊತ್ತ ವಚನಗಳೂ ಉಂಟು. ಆಯ್ದಕ್ಕಿ ಲಕ್ಕಮ್ಮನನ್ನು ನೋಡಿರಿ. ಗಂಡ ಮಾರಯ್ಯ ದಿನದ ಅಳತೆಯನ್ನು ಮೀರಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸುವ ಮಾತು ಆಕೆಯ ವಚನದಲ್ಲಿಯೇ ಇದೆ. ಅಲ್ಲಿ ನಿರೂಪಕನು ಕಾಯಕವೆಂದರೇನು, ಆಸೆಯೆಂದರೇನು ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿ ಹಿಂದೆ ಸರಿದರೆ ಸಾಕು. ಉಳಿದುದನ್ನು ಲಕ್ಕಮ್ಮನೇ ಹೇಳುತ್ತಾಳೆ.

ಶೂನ್ಯಸಂಪಾದನಕಾರರೂ ವಚನಗಳನ್ನು ಕಥೆಯಲ್ಲಿ ಪೋಣಿಸಲಿಲ್ಲವೇ ಎಂದು ಕೇಳುವವರುಂಟು. ಪೋಣಿಸಿದರು, ನಿಜ. ಶರಣರು ಬಾಳಿದ ಎಷ್ಟೋ ಕಾಲದ ಮೇಲೆ, 15ನೆಯ ಶತಮಾನದಲ್ಲಿ, ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಸಂವಾದವಾಗಿ ಜೋಡಿಸಿದರು. ಆದರೆ ಅಲ್ಲಿ ಬೆಸೆಯುವ ಗದ್ಯ ಕಿರಿದು. ವಚನ ತನ್ನ ಅಂಕಿತದೊಡನೆ ಬೇರೆಯಾಗಿಯೇ ನಿಲ್ಲುತ್ತದೆ. ಯಾವುದು ಶರಣರ ಮಾತು, ಯಾವುದು ಸಂಪಾದಕರ ಮಾತು ಎಂಬುದು ಓದುಗನ ಕಣ್ಣಿಗೆ ಕಾಣುತ್ತದೆ. ವೇದಿಕೆಯ ಮೇಲಾದರೋ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲಾಗುತ್ತದೆ. ಕೇಳುಗನಿಗೆ ಹಾಳೆಯನ್ನು ಹಿಂದಕ್ಕೆ ತಿರುಗಿಸುವ ಅವಕಾಶವಿಲ್ಲ. ಆದ್ದರಿಂದ ನಿರೂಪಕನ ಹೊಣೆ ಸಂಪಾದಕರಿಗಿಂತ ದೊಡ್ಡದು.

ಜನರಿಗೆ ಕಥೆ ಬೇಕು, ಪಾಂಡಿತ್ಯ ಬೇಡ ಎಂಬ ಮಾತೂ ಕಿವಿಗೆ ಬೀಳುತ್ತದೆ. ಇದು ಜನರನ್ನು ಕಿರಿದಾಗಿಸುವ ಮಾತು. ಅಕ್ಕನು ಕೌಶಿಕನನ್ನು ಕೆಲವು ಷರತ್ತುಗಳೊಡನೆ ಮದುವೆಯಾದಳೆಂದು ಹರಿಹರನ ರಗಳೆ ಹೇಳುತ್ತದೆ. ಚಾಮರಸನ ‘ಪ್ರಭುಲಿಂಗಲೀಲೆ’ ಆ ಮದುವೆಯನ್ನೇ ಒಪ್ಪುವುದಿಲ್ಲ. ಇಬ್ಬರೂ ಭಕ್ತಕವಿಗಳೇ. ಒಬ್ಬನಿಗೆ ಕಂಡ ಅಕ್ಕ ಇನ್ನೊಬ್ಬನಿಗೆ ಹಾಗೇಕೆ ಕಾಣಲಿಲ್ಲ? ಈ ಪ್ರಶ್ನೆಯನ್ನೇ ಸಭೆಯ ಮುಂದಿಟ್ಟು ಆಮೇಲೆ ಅಕ್ಕನ ವಚನವನ್ನು ಹಾಡಿಸಿರಿ. ನಾನು ಕಲ್ಪಿಸಿದ ಮಳೆಗಿಂತ ಅದು ಎಷ್ಟೋ ಮೇಲಾದ ಕಥೆ.

ಹಾಡುಗಾರರಿಗೂ ಒಂದು ವಿನಂತಿ. ಸ್ವರವಚನಕ್ಕೆ ಪಲ್ಲವಿಯುಂಟು, ನುಡಿಗಳುಂಟು. ಅದು ಹಾಡಲೆಂದೇ ಹುಟ್ಟಿದ ರಚನೆ. ವಚನಕ್ಕೆ ಆ ಕಟ್ಟು ಇಲ್ಲ. ಅದರ ಒಂದು ಸಾಲನ್ನು ಪಲ್ಲವಿಯಾಗಿಸಿ ಹತ್ತು ಸಲ ಹಾಡಿ, ವೇಳೆ ಸಾಲದೆಂದು ಕೊನೆಯ ಸಾಲುಗಳನ್ನೂ ಅಂಕಿತವನ್ನೂ ಬಿಟ್ಟರೆ, ನುಡಿದವರ ಗುರುತೇ ಅಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಸಿದ್ಧರಾಮ ಜಂಬಲದಿನ್ನಿಯವರಂಥ ಹಿರಿಯರು ವಚನಗಾಯನಕ್ಕೆ ತಂದುಕೊಟ್ಟ ಗೌರವಕ್ಕೆ ಇದು ತಕ್ಕುದಲ್ಲ.

ಹಾಗಾದರೆ ಸಿದ್ಧತೆ ಹೇಗಿರಬೇಕು? ತಾಲೀಮಿಗೆ ಮೊದಲು ಗವಾಯಿಗಳೂ ನಿರೂಪಕರೂ ಒಟ್ಟಿಗೆ ಕುಳಿತು, ವಾದ್ಯವಿಲ್ಲದೆ, ವಚನವನ್ನು ಪೂರ್ಣವಾಗಿ ಓದಲಿ. ಶುದ್ಧವಾದ ಪಾಠ ಯಾವುದೆಂದು ಸಂಪುಟಗಳಲ್ಲಿ ನೋಡಿಕೊಳ್ಳಲಿ. ಹೇಳಲಿರುವ ಕಥೆಯ ಎದುರು ಅದರ ಮೂಲವನ್ನು ಬರೆದಿಡಲಿ. ಮೂಲ ದೊರೆಯದಿದ್ದರೆ ಕಥೆಯನ್ನು ಕೈಬಿಟ್ಟು, ಕಠಿಣವಾದ ಒಂದೆರಡು ಪದಗಳ ಅರ್ಥವನ್ನಷ್ಟೇ ಹೇಳಿ ಹಾಡಿಗೆ ದಾರಿ ಬಿಡಲಿ. ವೇದಿಕೆಯ ಮೇಲೆ “ಹರಿಹರನು ಹೀಗೆ ಹೇಳುತ್ತಾನೆ” ಎನ್ನಲು ಬೇಕಾಗುವುದು ಮೂರೇ ಪದ.

ನನ್ನ ಹಳೆಯ ನಿರೂಪಣೆಯ ಪ್ರತಿಯಲ್ಲಿ ಆ ಮಳೆಯ ಪ್ರಸಂಗವನ್ನು ಹೊಡೆದುಹಾಕಿದ್ದೇನೆ. ಆ ತಾಯಿಯನ್ನು ಕಂಡು, ಅದು ಯಾವ ಪುರಾಣದ್ದೂ ಅಲ್ಲ, ನನ್ನದೇ ಕಲ್ಪನೆಯೆಂದು ತಿಳಿಸಿದ್ದೇನೆ. ಅವರು ತುಸು ಹೊತ್ತು ಸುಮ್ಮನಿದ್ದು, “ಹಂಗಾರ ಹುಡುಗರಿಗೆ ಈಗ ಏನ್ ಹೇಳ್ಲಿ?” ಎಂದರು. ಕಾರ್ಯಕ್ರಮಕ್ಕೆ ಅಣಿಯಾಗುತ್ತಿರುವ ಎಲ್ಲರೂ ಈ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.